ನಂಬರ್ ಕೊಟ್ಟರೆ ಹೆಸರು ಹೇಳಬೇಕು

ನಮ್ಮ ರಸ್ತೆಯಲ್ಲಿ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರು ಇಬ್ಬರು. ಒಬ್ಬಳು ನಾನು, ಹೊಟ್ಟೆಪಾಡಿಗೇ ಆ ಕೆಲಸ ಹಿಡಿದವಳು. ಇನ್ನೊಬ್ಬರು ಪಕ್ಕದ ಮನೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಈಗ ತಿಂಗಳಿಗೊಮ್ಮೆ, ಆಕಾಶದಲ್ಲಿ ಏನೇನು ನೋಡಬಹುದು ಎಂದು ಕನ್ನಡದಲ್ಲಿ ಉದ್ದನೆಯ ಕಾಗದ ಬರೆದು ಹಳೆಯ ವಿದ್ಯಾರ್ಥಿಗಳಿಗೆಲ್ಲ ಮೇಲ್ ಮಾಡುತ್ತಾರೆ. ಅದು ತಮ್ಮದೇ ಡೊಮೇನಿನಿಂದ, ತಮ್ಮದೇ ಸರ್ವರಿನಿಂದ ಹೋಗಬೇಕೆಂಬುದು ಅವರ ಆಸೆ. ಅವರ ಅಕ್ಕನ ಮಗ ಒಂದು ವಿಪಿಎಸ್, ಅಂದರೆ ವರ್ಚುವಲ್ ಸರ್ವರ್, ಬಾಡಿಗೆಗೆ ಹಿಡಿದು, ಅದರ ಮೇಲೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಕೂರಿಸಿಕೊಟ್ಟಿದ್ದ. ಅಚ್ಚುಕಟ್ಟಾಗಿಯೇ ಮಾಡಿದ್ದ ಹುಡುಗ. ಆದರೂ ಹೋದ ಕಾಗದಗಳಲ್ಲಿ ಸುಮಾರು ಪಾಲು ವಾಪಸು ಬಂದವು.

"ನೋಡಮ್ಮ, ಇದು ಏನು ಹೇಳ್ತಾ ಇದೆ?" ಎಂದು ಕಾಂಪೌಂಡ್ ಗೋಡೆಯ ಮೇಲಿಂದ ಫೋನ್ ಚಾಚಿದರು.

ಪರದೆಯ ಮೇಲೆ 550, ಅದರ ಪಕ್ಕ 5.7.25. ಇಷ್ಟು ಸಾಕು, ಮುಂದಿನದನ್ನು ಓದಬೇಕಾಗಿಯೇ ಇಲ್ಲ. 550 ಅಂದರೆ ಈ ಮೇಲನ್ನು ತೆಗೆದುಕೊಳ್ಳುವುದಿಲ್ಲ, ಹೀಗೇ ಮತ್ತೆ ಕಳಿಸಿದರೂ ಪ್ರಯೋಜನವಿಲ್ಲ ಎಂದು. 5.7 ಅಂದರೆ ಕಾರಣ ಭದ್ರತೆ ಅಥವಾ ನಿಯಮಕ್ಕೆ ಸೇರಿದ್ದು. ಕೊನೆಯ 25 ಅಂದರೆ ರಿವರ್ಸ್ ಡಿಎನ್‌ಎಸ್ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದು. ಇದಕ್ಕೇ ಅಂತ ಒಂದು ಸಂಖ್ಯೆ ಗೊತ್ತುಪಡಿಸಿದ್ದು 2014ರ ಆರ್‌ಎಫ್‌ಸಿ 7372ರಲ್ಲಿ (ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆ). ಎಲ್ಲರೂ ಒಪ್ಪಿದ ಸಂಖ್ಯೆ ಇದ್ದರೆ ಎಷ್ಟು ಅನುಕೂಲ ನೋಡಿ. ಕಳಿಸಿದವನು ಯಾವ ಭಾಷೆಯವನೇ ಆಗಿರಲಿ, ಎಲ್ಲಿ ಕೈ ಹಾಕಬೇಕೆಂದು ತಕ್ಷಣ ಗೊತ್ತಾಗುತ್ತದೆ.

"ನಿಮ್ಮ ಸರ್ವರಿನ ಐಪಿ ನಂಬರಿಗೆ ಹೆಸರಿಲ್ಲ ಮೇಷ್ಟ್ರೇ" ಅಂದೆ.

"ಹೆಸರಿಲ್ಲದೆ ಏನಮ್ಮ? ಡೊಮೇನಿಗೆ ವರ್ಷಾ ವರ್ಷಾ ದುಡ್ಡು ಕಟ್ತಾ ಇದೀನಲ್ಲ."

ಇಲ್ಲೇ ಎಲ್ಲರೂ ಎಡವುವುದು. ಹೆಸರಿಗೆ ನಂಬರ್ ಇರುವುದು ಬೇರೆ, ನಂಬರಿಗೆ ಹೆಸರಿರುವುದು ಬೇರೆ. ಡೊಮೇನ್ ಹೆಸರು ಹೇಳಿದರೆ ಐಪಿ ನಂಬರ್ ಹೇಳುವುದು ಎ ರೆಕಾರ್ಡಿನ ಕೆಲಸ. ಅದು ನಮ್ಮ ಡೊಮೇನಿನ ಪುಟದಲ್ಲಿದೆ, ನಾವೇ ಬರೆಯುತ್ತೇವೆ. ಐಪಿ ನಂಬರ್ ಹೇಳಿದರೆ ಹೆಸರು ಹೇಳುವುದು ಪಿಟಿಆರ್ ರೆಕಾರ್ಡಿನ ಕೆಲಸ. ಎರಡೂ ಒಂದೇ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಮತ್ತು ನಂಬರ್‌ಗಳ ಒಂದೇ ದಾಖಲೆ ವ್ಯವಸ್ಥೆಯಲ್ಲಿ, ಇದ್ದರೂ ಇರುವ ಜಾಗ ಬೇರೆ ಬೇರೆ, ಬರೆಯುವ ಕೈ ಬೇರೆ ಬೇರೆ.

ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡಿಎನ್‌ಎಸ್‌ನ ಮೊದಲ ವಿವರಣೆ ಬರೆದರು. 1987ರಲ್ಲಿ ಅದು ಆರ್‌ಎಫ್‌ಸಿ 1034 ಮತ್ತು 1035 ಆಗಿ ಇವತ್ತಿನ ರೂಪಕ್ಕೆ ಬಂತು. ನಂಬರಿನಿಂದ ಹೆಸರು ಹುಡುಕುವ ಏರ್ಪಾಟು ಅದರಲ್ಲೇ ಇದೆ. ಆ ಏರ್ಪಾಟಿನ ಜಾಣ್ಮೆಯನ್ನು ಮೇಷ್ಟ್ರಿಗೆ ಹೇಳುವಾಗ ನನಗೇ ಹುರುಪು ಬಂತು. ಡೊಮೇನ್ ಹೆಸರಿನಲ್ಲಿ ದೊಡ್ಡದು ಬಲಗಡೆ ಇರುತ್ತದೆ: ಮೊದಲು ಯಂತ್ರ, ಆಮೇಲೆ ಸಂಸ್ಥೆ, ಕೊನೆಗೆ ಕಾಮ್ ಅಥವಾ ಇನ್. ಐಪಿ ನಂಬರಿನಲ್ಲಿ ದೊಡ್ಡದು ಎಡಗಡೆ. 203.0.113.25 ಎಂಬ ನಂಬರ್ ತೆಗೆದುಕೊಳ್ಳಿ (ಪುಸ್ತಕಗಳಲ್ಲಿ ಉದಾಹರಣೆ ಕೊಡಲೆಂದೇ ಮೀಸಲಿಟ್ಟ ಸಾಲಿನದು, ಯಾರ ಸರ್ವರಿನದೂ ಅಲ್ಲ). ಇದರಲ್ಲಿ 203 ದೊಡ್ಡ ವಲಯ, 25 ಒಂದೇ ಒಂದು ಯಂತ್ರ. ಆದ್ದರಿಂದ ಡಿಎನ್‌ಎಸ್‌ನಲ್ಲಿ ಹುಡುಕುವಾಗ ಅದನ್ನು ತಿರುಗಿಸಿ 25.113.0.203 ಎಂದು ಬರೆದು, ಕೊನೆಗೆ ಇನ್-ಆಡರ್ ಡಾಟ್ ಆರ್ಪಾ ಎಂದು ಸೇರಿಸುತ್ತಾರೆ. ಆಗ ನಂಬರ್ ಕೂಡ ಒಂದು ಹೆಸರಾಯಿತು. ಹೆಸರು ಹುಡುಕುವ ಅದೇ ಯಂತ್ರಾಂಗ ಅದನ್ನೂ ಹುಡುಕಿಕೊಡುತ್ತದೆ, ಹೊಸದೇನನ್ನೂ ಕಟ್ಟಬೇಕಾಗಿಲ್ಲ. ನಲವತ್ತು ವರ್ಷದ ಹಿಂದೆ ಕೂತು ಇಷ್ಟು ದೂರ ಯೋಚನೆ ಮಾಡಿದವರ ಬಗ್ಗೆ ನನಗೆ ಗೌರವವಿದೆ.

ಈಗ, ತಿರುಗಿಸಿದ ಆ ಮರದ ಕೊಂಬೆಗಳು ಯಾರ ಕೈಯಲ್ಲಿವೆ? ಮೇಲೆ ಐಎಎನ್‌ಎ. ಅದು ನಂಬರ್‌ಗಳ ದೊಡ್ಡ ದೊಡ್ಡ ಗಂಟುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಪ್ಪಿಸುತ್ತದೆ. ಏಷ್ಯಾ ಪೆಸಿಫಿಕ್‌ಗೆ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ನಮ್ಮ ದೇಶದಲ್ಲಿ ನಿಕ್ಸಿ ಸಂಸ್ಥೆಯ ಅಡಿಯಲ್ಲಿ ಐಆರ್‌ಐಎನ್‌ಎನ್ ಎಂಬ ರಿಜಿಸ್ಟ್ರಿ ಇದೆ. ಅವರಿಂದ ಇಂಟರ್‌ನೆಟ್ ಕಂಪನಿಗಳು, ಹೋಸ್ಟಿಂಗ್ ಕಂಪನಿಗಳು ಪಡೆಯುತ್ತವೆ. ಕಟ್ಟಕಡೆಗೆ ಒಂದು ನಂಬರ್ ನಮ್ಮ ವಿಪಿಎಸ್‌ಗೆ ಬರುತ್ತದೆ. ನಂಬರ್ ಯಾವ ದಾರಿಯಲ್ಲಿ ಇಳಿದು ಬಂತೋ ಅದೇ ದಾರಿಯಲ್ಲಿ ರಿವರ್ಸ್ ಹೆಸರು ಬರೆಯುವ ಅಧಿಕಾರವೂ ಇಳಿಯುತ್ತದೆ. ಸಾಮಾನ್ಯವಾಗಿ ಅದು ಹೋಸ್ಟಿಂಗ್ ಕಂಪನಿಯ ಹತ್ತಿರ ಬಂದು ನಿಂತುಬಿಡುತ್ತದೆ.

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. "ಅಂದರೆ ನಾನು ಬಾಡಿಗೆಗೆ ಇರೋನು. ನನ್ನ ವಿಳಾಸ ಇದು ಅಂತ ಊರಿಗೆಲ್ಲ ಹೇಳ್ಕೋಬಹುದು. ಆದರೆ ಪಾಲಿಕೆಗೆ ಹೋಗಿ, ಈ ನಂಬರಿನ ಮನೇಲಿ ಯಾರಿದಾರೆ ಅಂತ ಕೇಳಿದರೆ ಅವರು ತೆಗೆಯೋದು ಮಾಲೀಕನ ಖಾತೆ."

"ಅಷ್ಟೇ ಮೇಷ್ಟ್ರೇ. ಮಾಲೀಕರಿಗೆ ಹೇಳಿ ನಿಮ್ಮ ಹೆಸರು ಬರೆಸಬೇಕು."

ಹುಡುಗ ಏನು ಮಾಡಿದ್ದನೆಂದರೆ, ಡೊಮೇನ್ ಕೊಂಡ ಕಂಪನಿಯ ಪುಟದಲ್ಲಿ ರೆಕಾರ್ಡ್ ಸೇರಿಸುವ ಪಟ್ಟಿಯೊಳಗೆ ಪಿಟಿಆರ್ ಎಂಬುದೂ ಕಂಡಿದ್ದರಿಂದ ಅದನ್ನು ಆರಿಸಿ, ನಂಬರ್ ಬರೆದು ಉಳಿಸಿದ್ದ. ಪುಟ ಹಸಿರು ಬಣ್ಣದಲ್ಲಿ ಸರಿ ಎಂದಿತ್ತು. ಆ ರೆಕಾರ್ಡ್ ಸುಳ್ಳಲ್ಲ, ಆದರೆ ಅದನ್ನು ಯಾರೂ ಅಲ್ಲಿ ಬಂದು ಕೇಳುವುದಿಲ್ಲ. ಕೇಳುವವರು ಆರ್ಪಾದ ದಾರಿ ಹಿಡಿದು ಹೋಗುತ್ತಾರೆ. ಆ ಪಟ್ಟಿಯಲ್ಲಿ ಪಿಟಿಆರ್ ಇಟ್ಟ ಕಂಪನಿಗಳು ಪಕ್ಕದಲ್ಲೇ ಒಂದು ಸಾಲು ಎಚ್ಚರಿಕೆ ಬರೆಯಬೇಕಿತ್ತು. ಬರೆಯದೆ ಇರುವುದರಿಂದ ಎಷ್ಟೋ ಜನರ ಎಷ್ಟೋ ಗಂಟೆಗಳು ವ್ಯರ್ಥವಾಗುತ್ತಿವೆ.

"ಮೇಲ್ ತಗೊಳ್ಳೋರಿಗೇಕಮ್ಮ ನನ್ನ ನಂಬರಿನ ಹೆಸರು? ಕಾಗದ ನೋಡಿ ತಗೊಂಡರೆ ಆಗಲ್ವೆ?" ಎಂದರು.

ನ್ಯಾಯವಾದ ಪ್ರಶ್ನೆ. ಮೇಲ್ ಸಾಗಿಸುವ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಆಗ ಜಾಲದಲ್ಲಿದ್ದವರು ಹೆಚ್ಚುಕಡಿಮೆ ಒಬ್ಬರಿಗೊಬ್ಬರು ಗೊತ್ತಿದ್ದವರು. ಬಂದ ಯಂತ್ರ ಹೆಲೋ ಎಂದು ತನ್ನ ಹೆಸರು ಹೇಳುತ್ತದೆ, ಕೇಳಿದವರು ನಂಬುತ್ತಾರೆ. ಕಳಿಸಿದವರ ವಿಳಾಸವನ್ನೂ ಕಳಿಸುವ ಯಂತ್ರವೇ ಹೇಳುತ್ತದೆ, ಅದನ್ನೂ ನಂಬುತ್ತಾರೆ. ಆಮೇಲೆ ಲಕ್ಷಾಂತರ ಮನೆ ಕಂಪ್ಯೂಟರ್‌ಗಳಿಗೆ ವೈರಸ್ ಹೊಕ್ಕು, ಅವುಗಳ ಮಾಲೀಕರಿಗೇ ಗೊತ್ತಿಲ್ಲದೆ ಅವು ಸ್ಪ್ಯಾಮ್ ಕಳಿಸುವ ಕಾಲ ಬಂತು. ಸುಳ್ಳು ಹೆಲೋ ಹೇಳುವುದಕ್ಕೆ ಅವಕ್ಕೇನು ಕಷ್ಟ? ಆದರೆ ಬಂದ ಸಂಪರ್ಕದ ಐಪಿ ನಂಬರನ್ನು ಮುಚ್ಚಿಡಲು ಆಗುವುದಿಲ್ಲ, ಏಕೆಂದರೆ ಉತ್ತರ ಮರಳಬೇಕಾದದ್ದು ಅದೇ ನಂಬರಿಗೆ. ಆ ನಂಬರಿನ ರಿವರ್ಸ್ ಹೆಸರನ್ನು ಬದಲಿಸಲು ವೈರಸ್ಸಿಗೆ ಸಾಧ್ಯವಿಲ್ಲ. ಅದಕ್ಕೆ ನಂಬರಿನ ಒಡೆಯರೇ ಕೈ ಹಾಕಬೇಕು. ಹಾಗಾಗಿ ಮೇಲ್ ಸರ್ವರಿನ ಹೆಸರು ಹೊತ್ತ ಪಿಟಿಆರ್ ಇದೆ ಎಂದರೆ ಇಲ್ಲಿ ಒಂದು ಮೇಲ್ ಸರ್ವರ್ ಇದೆ, ಅದು ಇರುವುದು ನಂಬರಿನ ಒಡೆಯರಿಗೂ ಗೊತ್ತು ಎಂದಾಯಿತು. ಕಾಗದದ ಒಳಗೆ ಏನಿದೆ ಎಂದು ಓದಿ ತೀರ್ಪು ಕೊಡುವುದಕ್ಕಿಂತ ಇದು ಎಷ್ಟೋ ಸಭ್ಯವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ.

ಹೆಸರಿದ್ದರೆ ಮಾತ್ರ ಸಾಲದು. ನಂಬರಿನ ಒಡೆಯರು ತಮ್ಮ ಪಿಟಿಆರ್‌ನಲ್ಲಿ ಯಾರ ಹೆಸರನ್ನು ಬೇಕಾದರೂ ಬರೆದುಕೊಳ್ಳಬಹುದು, ದೊಡ್ಡ ಬ್ಯಾಂಕಿನ ಹೆಸರನ್ನೂ ಬರೆಯಬಹುದು. ಅದಕ್ಕಾಗಿ ಪರೀಕ್ಷೆ ಎರಡೂ ಕಡೆಯಿಂದ ನಡೆಯುತ್ತದೆ. ನಂಬರ್ ಕೇಳಿ ಹೆಸರು ಪಡೆದ ಮೇಲೆ, ಆ ಹೆಸರಿನ ಎ ರೆಕಾರ್ಡ್ ಕೇಳುತ್ತಾರೆ. ಅದು ಮತ್ತೆ ಅದೇ ನಂಬರಿಗೆ ಬಂದು ಸೇರಬೇಕು. ನಂಬರಿನ ಒಡೆಯರೂ ಹೆಸರಿನ ಒಡೆಯರೂ ಇಬ್ಬರೂ ಒಪ್ಪಿದರಷ್ಟೇ ಸುತ್ತು ಪೂರ್ತಿ. ಪಿಟಿಆರ್ ಮತ್ತು ಎ ರೆಕಾರ್ಡ್ ಒಂದಕ್ಕೊಂದು ಹೊಂದಬೇಕು ಎಂದು 1996ರ ಆರ್‌ಎಫ್‌ಸಿ 1912ರಲ್ಲೇ ಸಲಹೆ ಇದೆ. 2024ರ ಫೆಬ್ರುವರಿಯಿಂದ ಜೀಮೇಲ್‌ಗೆ ಮೇಲ್ ಕಳಿಸುವ ಎಲ್ಲರಿಗೂ ಗೂಗಲ್ ಇದನ್ನು ನಿಯಮವಾಗಿಯೇ ಹೇಳಿದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಇನ್ನೂ ಕೆಲವು ಷರತ್ತುಗಳಿವೆ. ಆದರೆ ಫಾರ್ವರ್ಡ್ (ಎ ರೆಕಾರ್ಡ್) ಮತ್ತು ರಿವರ್ಸ್ (ಪಿಟಿಆರ್) ಹೊಂದಬೇಕೆಂಬುದು ತಿಂಗಳಿಗೊಂದು ಕಾಗದ ಕಳಿಸುವ ಮೇಷ್ಟ್ರಿಗೂ ಅನ್ವಯಿಸುತ್ತದೆ.

ಮೂರನೆಯದು ಹೆಲೋ. ಸರ್ವರ್ ತನ್ನನ್ನು ಏನೆಂದು ಕರೆದುಕೊಳ್ಳುತ್ತದೋ ಆ ಹೆಸರೂ ಪಿಟಿಆರ್ ಹೆಸರೂ ಒಂದೇ ಆಗಿದ್ದರೆ ಚೆನ್ನ. ಹೆಲೋ ಹೆಸರು ನಂಬರಿಗೆ ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಮೇಲನ್ನು ನಿರಾಕರಿಸಬಾರದು ಎಂದು 2008ರ ಆರ್‌ಎಫ್‌ಸಿ 5321 ಹೇಳುತ್ತದೆ. ಆದರೂ ಅಂಕ ಕಳೆಯುವವರು ಕಳೆಯುತ್ತಾರೆ. ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್ ಸಾಲಿನಲ್ಲಿ ಅದೇ ಹೆಸರು ಬರೆದರೆ ಮುಗಿಯಿತು.

"ನನ್ನ ಹತ್ತಿರ ಎರಡು ಡೊಮೇನ್ ಇದೆಯಲ್ಲಮ್ಮ, ಶಾಲೆಯ ಹಳೇ ವಿದ್ಯಾರ್ಥಿ ಸಂಘದ್ದೂ ಒಂದು. ಎರಡು ಪಿಟಿಆರ್ ಬರೆಸ್ಬೇಕಾ?"

ಬೇಡ. ಒಂದು ನಂಬರಿಗೆ ಒಂದೇ ಹೆಸರು. ಪಿಟಿಆರ್ ಹೇಳುವುದು ಯಂತ್ರದ ಹೆಸರನ್ನು, ಕಾಗದ ಬರೆದವರ ಹೆಸರನ್ನಲ್ಲ. ಒಂದೇ ಸರ್ವರಿನಿಂದ ಹತ್ತು ಡೊಮೇನುಗಳ ಮೇಲ್ ಹೋದರೂ ಪಿಟಿಆರ್ ಒಂದೇ ಸಾಕು. ಒಂದು ನಂಬರಿಗೆ ಐದಾರು ಪಿಟಿಆರ್ ಹಾಕಿಟ್ಟವರನ್ನು ನೋಡಿದ್ದೇನೆ. ನಿಷೇಧವಿಲ್ಲ ನಿಜ, ಆದರೆ ಕೇಳಿದವರಿಗೆ ಒಂದೊಂದು ಸಲ ಒಂದೊಂದು ಮೊದಲು ಸಿಕ್ಕಿ ಗೊಂದಲವಾಗುತ್ತದೆ.

ಹೆಸರು ಯಾವುದಿರಬೇಕು ಎಂಬುದನ್ನೂ ಹೇಳಬೇಕು. ಕೆಲವು ಕಂಪನಿಗಳು ನಂಬರನ್ನೇ ಹೆಸರಿನೊಳಗೆ ತುರುಕಿ, ಅಡ್ಡಗೆರೆ ಹಾಕಿ, ಎಲ್ಲರಿಗೂ ಒಂದೇ ಅಚ್ಚಿನ ಪಿಟಿಆರ್ ಕೊಟ್ಟಿರುತ್ತವೆ. ಫಾರ್ವರ್ಡ್ ಕೂಡ ಹೊಂದುತ್ತದೆ, ಪರೀಕ್ಷೆ ಪಾಸಾಗುತ್ತದೆ. ಆದರೂ ಅಂಥ ಹೆಸರು ಕಂಡರೆ ಮನೆ ಬ್ರಾಡ್‌ಬ್ಯಾಂಡ್ ಇರಬೇಕು ಎಂದು ಅನುಮಾನಿಸುವ ಸರ್ವರ್‌ಗಳು ಬಹಳ ಇವೆ. ನಮ್ಮದೇ ಡೊಮೇನಿನ ಮುಂದೆ ಮೇಲ್ ಎಂದು ಸೇರಿಸಿದ ಹೆಸರೇ ಒಳ್ಳೆಯದು.

ಮೇಷ್ಟ್ರ ಹೋಸ್ಟಿಂಗ್ ಕಂಪನಿಯ ಪುಟದಲ್ಲಿ ರಿವರ್ಸ್ ಡಿಎನ್‌ಎಸ್‌ಗೆ ಜಾಗವೇ ಇರಲಿಲ್ಲ. ಹೆಟ್ಸ್‌ನರ್‌ನಂಥ ಕಡೆ ಪುಟದಲ್ಲೇ ನಂಬರಿನ ಪಕ್ಕ ಹೆಸರು ಬರೆಯಬಹುದು. ಡಿಜಿಟಲ್‌ಓಷನ್‌ನಲ್ಲಿ ಸರ್ವರಿಗೆ, ಅಂದರೆ ಅವರ ಭಾಷೆಯ ಡ್ರಾಪ್ಲೆಟ್‌ಗೆ, ಪೂರ್ತಿ ಡೊಮೇನ್ ಹೆಸರಿಟ್ಟರೆ ಅದೇ ಪಿಟಿಆರ್ ಆಗುತ್ತದೆ. ಅಮೆಜಾನಿನ ಇಸಿ2ನಲ್ಲಿ ಎಲಾಸ್ಟಿಕ್ ಐಪಿ ಪಡೆದು ಅದಕ್ಕೆ ರಿವರ್ಸ್ ಹೆಸರು ಕೊಡಬಹುದು, ಆದರೆ ಮೇಲ್ ಹೊರಹೋಗುವ 25ನೇ ಪೋರ್ಟನ್ನು ತೆರೆಸಲು ಬೇರೆಯೇ ಮನವಿ ಹಾಕಬೇಕು. ಮೇಷ್ಟ್ರ ಕಂಪನಿಯಲ್ಲಿ ಟಿಕೆಟ್, ಅಂದರೆ ಸಹಾಯ ಕೋರಿ ಮನವಿ, ಹಾಕುವುದೊಂದೇ ದಾರಿ. ಮೇಷ್ಟ್ರು ಉದ್ದನೆಯ ಕಾಗದವನ್ನೇ ಬರೆದಿದ್ದರು. ತಮ್ಮ ಪರಿಚಯ, ಆಕಾಶದ ಕಾಗದದ ಹಿನ್ನೆಲೆ, ವಿದ್ಯಾರ್ಥಿಗಳ ಸಂಖ್ಯೆ ಎಲ್ಲ ಇತ್ತು. ಚೆನ್ನಾಗಿತ್ತು, ಆದರೆ ಟಿಕೆಟ್ ಓದುವ ಹುಡುಗರಿಗೆ ಬೇಕಾದದ್ದು ಮೂರೇ ಸಂಗತಿ: ಯಾವ ಐಪಿ, ಯಾವ ಹೆಸರು, ಆ ಹೆಸರಿನ ಎ ರೆಕಾರ್ಡ್ ಆಗಲೇ ಇದೆ ಎಂಬ ಮಾತು. ಮೂರನೆಯದು ಮುಖ್ಯ. ಫಾರ್ವರ್ಡ್ ಇಲ್ಲದಿದ್ದರೆ ಪಿಟಿಆರ್ ಹಾಕುವುದಿಲ್ಲ ಎನ್ನುವ ಕಂಪನಿಗಳಿವೆ. ಆದ್ದರಿಂದ ಮೊದಲು ಎ ರೆಕಾರ್ಡ್, ಅದು ಎಲ್ಲ ಕಡೆ ಕಾಣುತ್ತಿದೆ ಎಂದು ನೋಡಿಕೊಂಡು ಆಮೇಲೆ ಟಿಕೆಟ್.

ಕಂಪನಿಯವರು ಪಿಟಿಆರ್ ಹಾಕಿದ ಕೂಡಲೇ ಎಲ್ಲರಿಗೂ ಕಾಣುತ್ತದೆ ಎಂದೂ ಇಲ್ಲ. ಡಿಎನ್‌ಎಸ್‌ನಲ್ಲಿ ಇದೆ ಎಂಬ ಉತ್ತರವನ್ನು ಹೇಗೆ ಕೆಲ ಹೊತ್ತು ನೆನಪಿಟ್ಟುಕೊಳ್ಳುತ್ತಾರೋ, ಇಲ್ಲ ಎಂಬ ಉತ್ತರವನ್ನೂ ಹಾಗೆಯೇ ನೆನಪಿಟ್ಟುಕೊಳ್ಳುತ್ತಾರೆ. ನಿನ್ನೆ ಕೇಳಿ ಇಲ್ಲ ಅನ್ನಿಸಿಕೊಂಡ ಸರ್ವರ್ ಇವತ್ತೂ ಸ್ವಲ್ಪ ಹೊತ್ತು ಇಲ್ಲ ಎಂದೇ ತಿಳಿದಿರಬಹುದು. ಡಿಗ್ ಎಂಬ ಆಜ್ಞೆಗೆ ಅಡ್ಡಗೆರೆ ಎಕ್ಸ್ ಸೇರಿಸಿ ನಂಬರ್ ಕೊಟ್ಟರೆ, ತಿರುಗಿಸುವ ಕೆಲಸವನ್ನೆಲ್ಲ ತಾನೇ ಮಾಡಿ ಹೆಸರು ತೋರಿಸುತ್ತದೆ. ಬಂದ ಹೆಸರನ್ನೇ ಮತ್ತೆ ಡಿಗ್‌ಗೆ ಕೊಟ್ಟು, ಅದೇ ನಂಬರ್ ಬಂತೇ ಎಂದು ನೋಡಬೇಕು. ಮೇಷ್ಟ್ರು ಇದನ್ನು ಕಲಿತು, ಸಂಜೆ ನೀರು ಬಿಡುವ ಹೊತ್ತಿಗೆಲ್ಲ ಗೋಡೆಯ ಆಚೆಯಿಂದ ವರದಿ ಒಪ್ಪಿಸತೊಡಗಿದರು.

ಹೆಸರು ಬಂತು. ಕಾಗದ ಹೊರಟವು. ಆದರೆ ಈಗಲೂ ಒಂದಷ್ಟು ವಾಪಸು, ಅದೇ 5.7.25.

"ಇದೇನಮ್ಮ, ಒಬ್ಬರಿಗೆ ಹೋಗುತ್ತೆ, ಅದೇ ಕಂಪನಿಯ ಇನ್ನೊಬ್ಬರಿಗೆ ಹೋಗಲ್ಲ."

ಸರ್ವರಿಗೆ ಎರಡು ನಂಬರಿತ್ತು. ಒಂದು ಐಪಿವಿ4, ಇನ್ನೊಂದು ಐಪಿವಿ6. ಎದುರಿನವರಿಗೂ ಎರಡೂ ಇದ್ದರೆ ಪೋಸ್ಟ್‌ಫಿಕ್ಸ್ ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಕಳಿಸುತ್ತದೆ. ನಾವು ಹೆಸರು ಬರೆಸಿದ್ದು ಐಪಿವಿ4 ನಂಬರಿಗೆ ಮಾತ್ರ. ಐಪಿವಿ6ಕ್ಕೆ ಪ್ರತ್ಯೇಕ ಮರವಿದೆ, ಐಪಿ6 ಡಾಟ್ ಆರ್ಪಾ. ಅಲ್ಲಿ ನಾಲ್ಕು ತುಂಡಲ್ಲ, ಸಂಕ್ಷೇಪವೆಲ್ಲ ಬಿಡಿಸಿ ಪೂರ್ತಿ 32 ಅಂಕಿಗಳನ್ನು ಒಂದೊಂದಾಗಿ ಚುಕ್ಕಿಯಿಟ್ಟು ಹಿಂದುಮುಂದಾಗಿ ಬರೆಯಬೇಕು. ಕೈಯಲ್ಲಿ ಬರೆದರೆ ಒಂದು ಸೊನ್ನೆ ತಪ್ಪುವುದು ಖಂಡಿತ, ಡಿಗ್‌ಗೇ ಬಿಡುವುದು ಕ್ಷೇಮ. ಎ ರೆಕಾರ್ಡಿನ ಜಾಗದಲ್ಲಿ ಇಲ್ಲಿ ನಾಲ್ಕು ಎ ಗಳ ರೆಕಾರ್ಡ್ ಹೊಂದಬೇಕು. ಕಂಪನಿ ಐಪಿವಿ6ಕ್ಕೂ ಪಿಟಿಆರ್ ಕೊಡುವುದಾದರೆ ಕೊಡಿಸಿಕೊಳ್ಳಬೇಕು. ಕೊಡದಿದ್ದರೆ, ಹೊರಹೋಗುವ ಮೇಲ್ ಐಪಿವಿ4ರಲ್ಲೇ ಹೋಗಲಿ ಎಂದು ಪೋಸ್ಟ್‌ಫಿಕ್ಸ್‌ಗೆ ಹೇಳುವುದು. ಮೇಷ್ಟ್ರ ಕಂಪನಿ ಕೊಡಲಿಲ್ಲ. ನಾವು ಎರಡನೆಯ ದಾರಿ ಹಿಡಿದೆವು. ಅರ್ಧ ಹೋಗಿ ಅರ್ಧ ಬರುತ್ತಿದೆ ಎಂದು ಯಾರೇ ಹೇಳಿದರೂ ನಾನು ಮೊದಲು ನೋಡುವುದು ಐಪಿವಿ6 ಕಡೆಗೆ.

ಇದರ ನಡುವೆ ಅಕ್ಕನ ಮಗನ ಇನ್ನೊಂದು ಯೋಚನೆ ಬಂತು. ಬಾಡಿಗೆ ಸರ್ವರ್ ಯಾಕೆ, ಮನೆಯ ಫೈಬರ್ ಸಂಪರ್ಕಕ್ಕೇ ಒಂದು ರಾಸ್ಪ್‌ಬೆರಿ ಪೈ ಜೋಡಿಸಿದರೆ? ಆಸೆ ಒಳ್ಳೆಯದು. ಆದರೆ ಮನೆಯ ಸಂಪರ್ಕದಲ್ಲಿ ಎಷ್ಟೋ ಸಲ ನಮಗೆಂದು ಒಂದು ನಂಬರೇ ಇರುವುದಿಲ್ಲ. ರೂಟರಿನ ಹೊರಬದಿಯಲ್ಲಿ 100.64ರಿಂದ 100.127ರವರೆಗಿನ ಸಾಲಿನ ನಂಬರ್ ಕಂಡರೆ, ಒಂದೇ ನಿಜವಾದ ನಂಬರನ್ನು ಬಹಳ ಮನೆಗಳು ಹಂಚಿಕೊಂಡಿವೆ ಎಂದರ್ಥ. 2012ರಲ್ಲಿ ಆ ಸಾಲನ್ನು ಅದಕ್ಕೆಂದೇ ಮೀಸಲಿಟ್ಟರು. ಹಂಚಿಕೊಂಡ ನಂಬರಿಗೆ ಯಾರ ಹೆಸರು ಬರೆಯುವುದು? ಅದೂ ಅಲ್ಲದೆ, ಮನೆ ಸಂಪರ್ಕದ ನಂಬರ್‌ಗಳ ಸಾಲುಗಳು ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿರುತ್ತವೆ. ಅದು ಕಳ್ಳರ ಪಟ್ಟಿಯಲ್ಲ, ಇಲ್ಲಿಂದ ನೇರವಾಗಿ ಮೇಲ್ ಬರುವ ನಿರೀಕ್ಷೆಯಿಲ್ಲ ಎಂಬ ಪಟ್ಟಿ. ಸ್ಟ್ಯಾಟಿಕ್ ಐಪಿ ಕೊಂಡು, 25ನೇ ಪೋರ್ಟ್ ತೆರೆಸಿ, ಪಿಟಿಆರ್ ಬರೆಸಿ, ಪಿಬಿಎಲ್‌ನಿಂದ ಆ ಒಂದು ನಂಬರನ್ನು ತೆಗೆಸಿದರೆ ಮನೆಯಿಂದಲೂ ಸಾಧ್ಯ. ಆದರೆ ಇಂಟರ್‌ನೆಟ್ ಕಂಪನಿಯ ಸಹಾಯವಾಣಿಯಲ್ಲಿ ಪಿಟಿಆರ್ ಎಂದರೆ ತಿಳಿಯುವವರು ಸಿಗಬೇಕು. ಬಹಳ ಸಲ ಸಿಗುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ. ಸ್ಟ್ಯಾಟಿಕ್ ಐಪಿಗೆ ಹೆಚ್ಚಿನ ದುಡ್ಡು ತೆಗೆದುಕೊಳ್ಳುವವರು ಅದಕ್ಕೊಂದು ಹೆಸರು ಬರೆದುಕೊಡುವುದನ್ನೂ ಆ ಸೇವೆಯ ಭಾಗವೆಂದು ಭಾವಿಸಬೇಕು. ನಂಬರಿನ ಸಣ್ಣ ಗುಂಪನ್ನು ಪಡೆದ ಗ್ರಾಹಕರಿಗೆ ರಿವರ್ಸ್ ಅಧಿಕಾರವನ್ನೇ ಬಿಟ್ಟುಕೊಡುವ ವಿಧಾನವನ್ನು 1998ರ ಆರ್‌ಎಫ್‌ಸಿ 2317 ವಿವರಿಸಿದೆ. ಮಾಡಲು ಬರುವುದಿಲ್ಲ ಎಂಬ ನೆಪ ನಿಲ್ಲುವುದಿಲ್ಲ.

ಬರುವ ಮೇಲಿನ ವಿಷಯದಲ್ಲೂ ಒಂದು ಮಾತು. ಪೋಸ್ಟ್‌ಫಿಕ್ಸ್‌ನಲ್ಲಿ ಕಳಿಸುವವರ ಹೆಸರು ಪರೀಕ್ಷಿಸುವ ಎರಡು ನಿಯಮಗಳಿವೆ. ಒಂದು ಕಠಿಣ, ಹೆಸರು ಇರಬೇಕು ಮತ್ತು ಎರಡೂ ಕಡೆ ಹೊಂದಬೇಕು. ಇನ್ನೊಂದರ ಹೆಸರಿನಲ್ಲಿ ರಿವರ್ಸ್ ಎಂಬ ಮಾತು ಸೇರಿದೆ. ಅದು ಮೃದು, ಪಿಟಿಆರ್ ಎಂಬುದು ಇದ್ದರೆ ಸಾಕು. ಮೇಷ್ಟ್ರ ಸರ್ವರಿಗೆ ನಾನು ಹಾಕಿದ್ದು ಮೃದುವಾದದ್ದು. ಸಣ್ಣ ಶಾಲೆ, ಸಹಕಾರ ಸಂಘ, ಊರಿನ ಆಸ್ಪತ್ರೆಗಳ ಸರ್ವರ್‌ಗಳಲ್ಲಿ ಈ ಹೊಂದಾಣಿಕೆ ಎಷ್ಟೋ ಸಲ ಅರ್ಧ ಮಾತ್ರ ಆಗಿರುತ್ತದೆ. ಕಠಿಣ ನಿಯಮ ಹಾಕಿದರೆ ಅವರ ಪ್ರಾಮಾಣಿಕ ಕಾಗದಗಳೂ ಬಾಗಿಲಲ್ಲೇ ಉಳಿಯುತ್ತವೆ. ನಮ್ಮದನ್ನು ಪೂರ್ತಿ ಸರಿಯಾಗಿಟ್ಟುಕೊಂಡು ಬಂದವರ ಬಗ್ಗೆ ಸ್ವಲ್ಪ ಉದಾರವಾಗಿರುವುದು ನನಗೆ ಸರಿ ಎನಿಸುತ್ತದೆ.

ರಿವರ್ಸ್ ಒಂದರಿಂದಲೇ ಕಾಗದ ಇನ್‌ಬಾಕ್ಸ್ ಸೇರುತ್ತದೆ ಎಂದು ನಾನು ಹೇಳುತ್ತಿಲ್ಲ. ಕಳಿಸಿದವರು ನಿಜವೇ ಎಂದು ಪರೀಕ್ಷಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು, ಅವನ್ನು ಹುಡುಗ ಸರಿಯಾಗಿಯೇ ಮಾಡಿದ್ದ. ಆ ಮೂರೂ ನಮ್ಮ ಡೊಮೇನಿನ ಪುಟದಲ್ಲೇ ಬರೆಯುವಂಥವು, ನಮ್ಮ ಕೈಯಲ್ಲೇ ಇರುವಂಥವು. ಈ ನಾಲ್ಕರಲ್ಲಿ ಇನ್ನೊಬ್ಬರನ್ನು ಕೇಳಿ ಮಾಡಿಸಬೇಕಾದದ್ದು ರಿವರ್ಸ್ ಒಂದೇ. ಅದಕ್ಕೇ ಅದರ ಬಗ್ಗೆ ಇಷ್ಟು ಮಾತಾಡಿದೆ.

"ಇಷ್ಟೆಲ್ಲ ಯಾಕೆ ಅಂತ ಮಗಳು ಕೇಳ್ತಾಳೆ, ಬಿಟ್ಟಿಯಾಗಿ ಸಿಗೋ ಅಕೌಂಟಿದೆಯಲ್ಲ ಅಂತ" ಎಂದರು ಮೇಷ್ಟ್ರು. ಯಾಕೆಂದರೆ ಮೇಲ್ ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಒಂದು ನಂಬರ್, ಒಂದು ಹೆಸರು, ನಿಯಮ ಪಾಲಿಸುವ ಒಂದು ಸಣ್ಣ ಯಂತ್ರ ಇದ್ದರೆ ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು ಜಗತ್ತಿನ ಯಾವುದೇ ಅಂಚೆಪೆಟ್ಟಿಗೆಗೆ ನೇರವಾಗಿ ಕಾಗದ ಹಾಕಬಹುದು. ಇಷ್ಟು ತೆರೆದ ವ್ಯವಸ್ಥೆ ಇಂಟರ್‌ನೆಟ್ಟಿನಲ್ಲಿ ಹೆಚ್ಚು ಉಳಿದಿಲ್ಲ. ಅದನ್ನು ಉಪಯೋಗಿಸುವ ಸಣ್ಣವರು ಇದ್ದರೆ ಮಾತ್ರ ಅದು ತೆರೆದೇ ಇರುತ್ತದೆ.

ನೀವೂ ಮೇಲ್ ಸರ್ವರ್ ಇಡುವ ಯೋಚನೆಯಲ್ಲಿದ್ದರೆ, ಹಣ ಕಟ್ಟುವ ಮೊದಲು ಹೋಸ್ಟಿಂಗ್ ಕಂಪನಿಯನ್ನು ಕೇಳಿ: ಹೊರಹೋಗುವ 25ನೇ ಪೋರ್ಟ್ ತೆರೆದುಕೊಡುತ್ತೀರಾ, ಪಿಟಿಆರ್ ನಾನೇ ಬರೆಯಬಹುದೇ ಅಥವಾ ನೀವು ಬರೆದುಕೊಡುತ್ತೀರಾ, ಐಪಿವಿ6ಕ್ಕೂ ಕೊಡುತ್ತೀರಾ? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮೊದಲೆರಡಕ್ಕೆ ಸ್ಪಷ್ಟವಾಗಿ ಹೌದು ಎನ್ನದವರ ಹತ್ತಿರ, ಬಾಡಿಗೆ ಎಷ್ಟೇ ಅಗ್ಗವಾಗಿರಲಿ, ಮೇಲ್ ಸರ್ವರ್ ಹಾಕಬೇಡಿ.